ಕೀ ಐತ್ರಿ, ಆದ್ರ ಕಾಣವಲ್ದು

ವಿಂಡೋಸ್ 11 ಹಾಕಿಸಿಕೊಂಡ ಕಂಪ್ಯೂಟರಿನಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆದು, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್ ಎಂದು ಒಂದೊಂದೇ ಮೆಟ್ಟಿಲು ಇಳಿದು ಹೋದರೆ ಕೊನೆಗೆ ‘ಪ್ರಾಡಕ್ಟ್ ನೇಮ್’ ಎಂಬ ಸಾಲು ಸಿಗುತ್ತದೆ. ಅಲ್ಲಿ ‘ವಿಂಡೋಸ್ 10 ಪ್ರೊ’ ಎಂದೇ ಬರೆದಿರುತ್ತದೆ. ಅದೇ ಪುಟದಲ್ಲಿ ‘ಕರೆಂಟ್ ವರ್ಷನ್’ ಎಂಬ ಇನ್ನೊಂದು ಸಾಲಿದೆ, ಅದು 6.3 ಅನ್ನುತ್ತದೆ. 6.3 ಅಂದರೆ 2013ರ ವಿಂಡೋಸ್ 8.1. ಹೊರಗೆ ತೆರೆಯ ಮೇಲೆ ಹನ್ನೊಂದು, ಒಳಗೆ ಒಂದು ಸಾಲಿನಲ್ಲಿ ಹತ್ತು, ಇನ್ನೊಂದರಲ್ಲಿ ಎಂಟೂ ಚಿಲ್ಲರೆ. ಮದುವೆಗೆ ಒಂದು, ಶಾಲೆಗೆ ಒಂದು, ಪಿಂಚಣಿಗೆ ಒಂದು ಜನ್ಮದಿನಾಂಕ ಇಟ್ಟುಕೊಂಡಿದ್ದ ಹಿರಿಯರನ್ನು ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯಪಡುವುದು ಏನೂ ಇಲ್ಲ.

ಆ ಸಾಲುಗಳನ್ನು ಓದಿಕೊಂಡು ನಡೆಯುವ ಹಳೆಯ ಪ್ರೋಗ್ರಾಮ್‌ಗಳು ಲೋಕದಲ್ಲಿ ಬೇಕಾದಷ್ಟಿವೆ. ತಿದ್ದಿದರೆ ಯಾವುದು ಎಲ್ಲಿ ಮುಗ್ಗರಿಸುತ್ತದೋ ಬಲ್ಲವರಿಲ್ಲ. ನಿಜ ಬೇಕಾದವರು ಬಿಲ್ಡ್ ನಂಬರ್ ನೋಡಿಕೊಳ್ಳಬೇಕು. 22000ದಿಂದ ಮೇಲಿದ್ದರೆ ಹನ್ನೊಂದು. ಇದನ್ನು ಕೇಳಿ ನಗುವವರು ನಗಲಿ. ನಾನು ನಗುವ ಹಾಗಿಲ್ಲ, ಏಕೆಂದರೆ ಇಂಥ ಸಾಲುಗಳನ್ನು ನಂಬುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ನನ್ನದು ಗಿರಾಕಿಗಳ ಸರ್ವರ್‌ಗಳ ಮೇಲೆ ಕಣ್ಣಿಡುವ ಕೆಲಸ. ಅಂದರೆ ಕಣ್ಣಿಡುವುದು ತಂತ್ರಾಂಶ, ಅದರ ಮೇಲೆ ಕಣ್ಣಿಡುವುದು ನಾನು. ಆ ತಂತ್ರಾಂಶದ ಪೂರ್ತಿ ಹೆಸರು ಸಿಸ್ಟಮ್ ಸೆಂಟರ್ ಆಪರೇಷನ್ಸ್ ಮ್ಯಾನೇಜರ್. 2000ದಲ್ಲಿ ಮೈಕ್ರೋಸಾಫ್ಟ್ ಇದರ ಮೂಲವನ್ನು ಮಿಷನ್ ಕ್ರಿಟಿಕಲ್ ಸಾಫ್ಟ್‌ವೇರ್ ಎಂಬ ಕಂಪನಿಯಿಂದ ಪರವಾನಗಿ ಪಡೆದು ತಂದಿತು. ಮೊದಲು ಇಟ್ಟ ಹೆಸರು ಮೈಕ್ರೋಸಾಫ್ಟ್ ಆಪರೇಷನ್ಸ್ ಮ್ಯಾನೇಜರ್. ಮೊದಲಕ್ಷರ ಕೂಡಿಸಿದರೆ ‘ಮಾಮ್’. ಮಕ್ಕಳು ಎಲ್ಲಿ ಹೋದರು, ಉಂಡರೋ ಇಲ್ಲವೋ ಎಂದು ವಿಚಾರಿಸುವ ತಂತ್ರಾಂಶಕ್ಕೆ ಅದು ಹೊಂದುವ ಹೆಸರೇ ಆಗಿತ್ತು. 2007ರಲ್ಲಿ ಹೆಸರು ಬದಲಾಯಿಸಿದರು. ಈಗಿನ ಮೊದಲಕ್ಷರಗಳನ್ನು ಕೂಡಿಸಿ ನಾವು ‘ಸ್ಕಾಮ್’ ಅನ್ನುತ್ತೇವೆ. ಮೆಟ್ರೊದಲ್ಲಿ ನಿಂತು ಫೋನಿನಲ್ಲಿ “ರಾತ್ರಿ ಸ್ಕಾಮ್ ಮಾಡೋರು ಯಾರೂ ಇರಲಿಲ್ವಾ?” ಎಂದು ಗಟ್ಟಿಯಾಗಿ ಕೇಳಿದರೆ ಪಕ್ಕದವರು ಬ್ಯಾಗನ್ನು ಎದೆಗವುಚಿಕೊಂಡು ಒಂದು ಹೆಜ್ಜೆ ಸರಿಯುತ್ತಾರೆ. ಬೆಳಗಿನ ಹೊತ್ತು ನಿಲ್ಲಲು ಜಾಗ ಬೇಕಾದಾಗ ಇದರಿಂದ ಉಪಯೋಗವೂ ಉಂಟು.

ಕಣ್ಣಿಡಬೇಕಾದರೆ ಯಾವ ಸರ್ವರ್‌ನಲ್ಲಿ ಏನಿದೆ ಎಂಬುದು ಮೊದಲು ಗೊತ್ತಿರಬೇಕು. ಒಂದರಲ್ಲಿ ಡೇಟಾಬೇಸ್, ಒಂದರಲ್ಲಿ ವೆಬ್‌ಸೈಟು, ಇನ್ನೊಂದರಲ್ಲಿ ಬರೀ ಬ್ಯಾಕಪ್. ಡೇಟಾಬೇಸ್ ಇಲ್ಲದ ಕಡೆ ಡೇಟಾಬೇಸ್ ನಿಂತಿದೆಯೇ ಎಂದು ಕೇಳಿಕೊಂಡು ಕೂರುವುದು ವ್ಯರ್ಥ. ಆದ್ದರಿಂದ ಪ್ರತಿ ಸರ್ವರ್‌ನಲ್ಲೂ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಮ್ ಕೂತಿರುತ್ತದೆ. ಅದಕ್ಕೆ ಮ್ಯಾನೇಜ್‌ಮೆಂಟ್ ಪ್ಯಾಕ್ ಎಂಬ ಕಡತ ಕಳಿಸುತ್ತಾರೆ: ಇಂಥಿಂಥದು ನಿನ್ನಲ್ಲಿ ಇದೆಯೇ ನೋಡು, ಇದ್ದರೆ ಹೇಳು, ಆಮೇಲೆ ಅದನ್ನು ಹೇಗೆ ಗಮನಿಸಬೇಕೆಂದು ತಿಳಿಸುತ್ತೇವೆ. ಈ ಹುಡುಕಾಟಕ್ಕೆ ಡಿಸ್ಕವರಿ ಎಂದು ಹೆಸರು. ಕೊಲಂಬಸನಿಗೆ ಬಳಸುವ ಪದ. ನಮ್ಮ ಡಿಸ್ಕವರಿಯಲ್ಲಿ ಸಮುದ್ರಯಾನ ಇಲ್ಲ. ಏಜೆಂಟ್ ಎದ್ದು ಹೋಗಿ ಡೇಟಾಬೇಸನ್ನು ಮುಟ್ಟಿ ನೋಡುವುದಿಲ್ಲ, ಅದರೊಂದಿಗೆ ಮಾತಾಡುವುದಿಲ್ಲ. ರಿಜಿಸ್ಟ್ರಿಯಲ್ಲಿ ಒಂದು ಹೆಸರು, ಅಂದರೆ ‘ಕೀ’, ಇದೆಯೇ ನೋಡುತ್ತದೆ. ಇದ್ದರೆ ವಸ್ತು ಇದೆ, ಇಲ್ಲದಿದ್ದರೆ ವಸ್ತು ಇಲ್ಲ. ಅದ್ವೈತಿಗಳಿಗೂ ಇಷ್ಟು ನಿಶ್ಚಿಂತೆ ಇರಲಾರದು.

ರಿಜಿಸ್ಟ್ರಿಗೂ ಒಂದು ಕಥೆ ಇದೆ. ಹಿಂದೆ ಒಂದೊಂದು ಪ್ರೋಗ್ರಾಮೂ ತನ್ನ ವಿವರಗಳನ್ನು ತನ್ನದೇ ‘ಇನಿ’ ಕಡತದಲ್ಲಿ ಬರೆದುಕೊಳ್ಳುತ್ತಿತ್ತು. ಕಡತಗಳು ಊರೆಲ್ಲ ಚೆಲ್ಲಾಡುತ್ತಿದ್ದವು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಸಣ್ಣದಾಗಿ ಶುರುವಾಯಿತು, 1993ರ ವಿಂಡೋಸ್ ಎನ್‌ಟಿಯಲ್ಲಿ ಎಲ್ಲವನ್ನೂ ಒಂದೇ ಕಡೆ ಬರೆಯುವ ದಫ್ತರವಾಗಿ ಬೆಳೆಯಿತು. ಅದರ ಒಂದೊಂದು ಕಡತಕ್ಕೂ ‘ಹೈವ್’ ಅನ್ನುತ್ತಾರೆ, ಒಳಗಿನ ಮಾಹಿತಿಯ ತುಣುಕಿಗೆ ‘ಸೆಲ್’. ಮೈಕ್ರೋಸಾಫ್ಟ್‌ನ ಹಳಬ ರೇಮಂಡ್ ಚೆನ್ ಇದರ ಕಾರಣ ಬರೆದಿದ್ದಾರೆ: ಎನ್‌ಟಿ ಕಟ್ಟುತ್ತಿದ್ದವರಲ್ಲಿ ಒಬ್ಬರಿಗೆ ಜೇನುನೊಣ ಕಂಡರೆ ಆಗುತ್ತಿರಲಿಲ್ಲವಂತೆ, ಅವರನ್ನು ರೇಗಿಸಲೆಂದೇ ರಿಜಿಸ್ಟ್ರಿ ಬರೆದವರು ಸಾಧ್ಯವಾದಲ್ಲೆಲ್ಲ ಜೇನುಗೂಡಿನ ಹೆಸರುಗಳನ್ನು ತುರುಕಿದರಂತೆ. ಆ ಇಬ್ಬರ ತಮಾಷೆ ಮುಗಿದು ಮೂವತ್ತು ವರ್ಷ ದಾಟಿದ್ದರೂ ಇಂದಿಗೂ ಪರೀಕ್ಷೆಗಳಲ್ಲಿ ಹುಡುಗರು ಹೈವ್ ಎಂದರೇನು ಎಂದು ಗಂಭೀರವಾಗಿ ಬರೆಯುತ್ತಾರೆ. ಯಾರನ್ನೋ ರೇಗಿಸಲು ಬರೆದದ್ದು ಪಠ್ಯವಾಗುವುದು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ, ಅದು ಬೇರೆ ಮಾತು.

ರಿಜಿಸ್ಟ್ರಿ ಏನೆಂದು ಹೊಸದಾಗಿ ಸೇರಿದವರಿಗೆ ಹೇಳಬೇಕಾದಾಗ ನಾನು ಪಹಣಿಯನ್ನು ತೆಗೆಯುತ್ತೇನೆ. ಪಹಣಿ ಹೊಲವಲ್ಲ. ಹೊಲದ ಬಗ್ಗೆ ಯಾರೋ ಯಾವಾಗಲೋ ಬರೆದಿಟ್ಟದ್ದು. ಬ್ಯಾಂಕಿನವರು ಸಾಲ ಕೊಡುವಾಗ ಹೊಲಕ್ಕೆ ಬಂದು ಮಣ್ಣು ಮೂಸಿ ನೋಡುವುದಿಲ್ಲ, ಪಹಣಿ ನೋಡುತ್ತಾರೆ. ತಿಪಟೂರು ಕಡೆಯ ನಮ್ಮ ತೋಟ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಇವತ್ತಿಗೂ ನಮ್ಮ ಮುತ್ತಜ್ಜನ ಹೆಸರಲ್ಲಿದೆ. ಅವರು ಹೋದದ್ದು ನನ್ನ ತಂದೆ ಹುಟ್ಟುವ ಮೊದಲು. ಪೌತಿ ಖಾತೆ ಮಾಡಿಸೋಣ ಅಂದಾಗಲೆಲ್ಲ ದೊಡ್ಡಪ್ಪ, “ಇರ್ಲಿ ಬಿಡೋ, ಅವರ ಹೆಸರಲ್ಲಿದ್ರೆ ಯಾರಿಗೇನು ತೊಂದ್ರೆ? ಕಾಯಿ ಬಿಡೋದು ಮರ, ಪಹಣಿ ಅಲ್ಲ” ಅನ್ನುತ್ತಾರೆ. ತೊಂದರೆ ಏನೆಂದು ಗೊತ್ತಾದದ್ದು ಬೆಳೆ ಪರಿಹಾರ ಬಂದ ವರ್ಷ. ಸರ್ಕಾರ ಮುತ್ತಜ್ಜನಿಗೆ ಹಣ ಕೊಡಲು ಸಿದ್ಧವಾಗಿತ್ತು; ಅವರ ಆಧಾರ್ ಕಾರ್ಡು ಕೇಳಿತು, ಅಷ್ಟೇ.

ರಿಜಿಸ್ಟ್ರಿ ಡಿಸ್ಕವರಿಯ ತಕರಾರುಗಳೆಲ್ಲ ಇಂಥವೇ. ನನ್ನ ಬಳಿ ಬರುವವು ಎರಡು ಬಗೆಯವು: ವಸ್ತು ಇದೆ, ನಾವು ನೋಡುವ ಪರದೆಯಾದ ಕನ್ಸೋಲ್‌ನಲ್ಲಿ ಕಾಣುತ್ತಿಲ್ಲ; ವಸ್ತು ಇಲ್ಲ, ಕಾಣುತ್ತಿದೆ. ಮೊದಲನೆಯದನ್ನು ನಮ್ಮ ತಂಡದ ಹುಬ್ಬಳ್ಳಿಯ ಹುಡುಗಿ ಹೇಳುವ ಹಾಗೆ ಬೇರೆ ಯಾರೂ ಹೇಳಲಾರರು. ನನ್ನ ಮೇಜಿನ ಪಕ್ಕ ಬಂದು ನಿಂತು, ಮನೆಯಲ್ಲಿ ಏನೋ ಕಳವಾದವರಂತೆ ಮುಖ ಮಾಡಿ, “ಕೀ ಐತ್ರಿ ಸರ್, ಆದ್ರ ಕನ್ಸೋಲ್‌ನ್ಯಾಗ ಕಾಣವಲ್ದು” ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಬರುವ ದೂರಿನ ಟಿಕೆಟ್‌ಗಳು ಇದೇ ಮಾತನ್ನು ಮೂರು ಪ್ಯಾರಾ ಮಾಡಿ, ಎರಡು ಚಿತ್ರ ಅಂಟಿಸಿ, ಕೊನೆಗೆ ‘ದಯವಿಟ್ಟು ಅಗತ್ಯ ಕ್ರಮ ಕೈಗೊಳ್ಳಿ’ ಎಂದು ಮುಗಿಯುತ್ತವೆ.

“ಎಲ್ಲಿ ಐತಿ?” ಎಂದು ನಾನೂ ಅವಳ ಭಾಷೆಯಲ್ಲೇ ಕೇಳುತ್ತೇನೆ. ಅವಳಿಗೆ ನನ್ನ ಹುಬ್ಬಳ್ಳಿ ಭಾಷೆ ಕೇಳಿ ಹೊಟ್ಟೆ ಉರಿಯುತ್ತದೆಂದು ಗೊತ್ತಿದ್ದೂ ಕೇಳುತ್ತೇನೆ.

ಈ ‘ಎಲ್ಲಿ’ ಎಂಬುದರಲ್ಲಿ ಅರ್ಧ ವಿದ್ಯೆ ಅಡಗಿದೆ. 64 ಬಿಟ್ಟಿನ ವಿಂಡೋಸ್ ತನ್ನೊಳಗೆ 32 ಬಿಟ್ಟಿನ ಹಳೆಯ ಪ್ರೋಗ್ರಾಮ್‌ಗಳಿಗೂ ಜಾಗ ಕೊಟ್ಟಿದೆ. ಜಾಗ ಕೊಟ್ಟದ್ದು ಸರಿ, ಆದರೆ ಅವು ರಿಜಿಸ್ಟ್ರಿಯಲ್ಲಿ ಬರೆಯಹೋದರೆ ಸದ್ದಿಲ್ಲದೆ ಅವುಗಳ ಕೈ ಹಿಡಿದು ಬೇರೆ ಕೋಣೆಗೆ ಕರೆದೊಯ್ಯುತ್ತದೆ. ‘ಸಾಫ್ಟ್‌ವೇರ್’ ಅಡಿಯಲ್ಲಿ ನೇರವಾಗಿ ಬರೆದೆ ಎಂದು ಪ್ರೋಗ್ರಾಮ್ ಅಂದುಕೊಳ್ಳುತ್ತದೆ. ಬರಹ ಹೋಗಿ ಬೀಳುವುದು ಅದರೊಳಗಿನ ‘ವಾವ್6432ನೋಡ್’ ಎಂಬಲ್ಲಿ. ಓದುವಾಗಲೂ ಅದೇ ಕೋಣೆಗೆ ಒಯ್ದು ತೋರಿಸುವುದರಿಂದ ಆ ಪ್ರೋಗ್ರಾಮಿಗೆ ಜೀವನಪರ್ಯಂತ ಈ ಗುಟ್ಟು ಗೊತ್ತಾಗುವುದಿಲ್ಲ. ಅದನ್ನು ಮಾರುವ ಕಂಪನಿಯ ಕೈಪಿಡಿಯಲ್ಲೂ ‘ನಮ್ಮ ಕೀ ಸಾಫ್ಟ್‌ವೇರ್ ಅಡಿಯಲ್ಲಿ ನೇರವಾಗಿ ಇರುತ್ತದೆ’ ಎಂದೇ ಇರುತ್ತದೆ. ಅವರ ಪ್ರೋಗ್ರಾಮಿಗೆ ಕಂಡದ್ದನ್ನೇ ಅವರು ಬರೆದದ್ದು, ಸುಳ್ಳೇನಲ್ಲ. ನಮ್ಮ ಏಜೆಂಟ್ ಮಾತ್ರ 64 ಬಿಟ್ಟಿನದು, ಅದನ್ನು ಯಾರೂ ಕೈ ಹಿಡಿದು ಎಲ್ಲಿಗೂ ಒಯ್ಯುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ವಿಳಾಸಕ್ಕೆ ಹೋಗಿ, ಯಾರೂ ಇಲ್ಲ ಎಂದು ಬರೆದುಕೊಂಡು ವಾಪಸು ಬರುತ್ತದೆ. ಕೈಪಿಡಿ, ಪ್ರೋಗ್ರಾಮು, ಏಜೆಂಟ್ ಮೂವರೂ ಸತ್ಯವಂತರು, ಮತ್ತು ಕನ್ಸೋಲ್ ಖಾಲಿ.

ಇದೇ ಮನೆಯಲ್ಲಿ ಇನ್ನೊಂದು ಸೊಗಸಿದೆ. 64 ಬಿಟ್ಟಿನ ವಿಂಡೋಸ್‌ನಲ್ಲಿ ‘ಸಿಸ್ಟಮ್32’ ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್ಟಿನ ಕಡತಗಳು. 32 ಬಿಟ್ಟಿನವು ಇರುವುದು ‘ಸಿಸ್‌ವಾವ್64’ ಎಂಬಲ್ಲಿ. ಹಳೆಯ ಹೆಸರನ್ನು ಬಾಯಿಪಾಠ ಮಾಡಿಕೊಂಡ ಪ್ರೋಗ್ರಾಮ್‌ಗಳು ಅಪಾರ ಇದ್ದುದರಿಂದ ಹೆಸರು ಉಳಿಸಿ ಒಳಗಿನವರನ್ನು ಬದಲಾಯಿಸಿದರು. ಬೆಂಗಳೂರಿನಲ್ಲಿ ಕೆರೆ ಹೆಸರಿನ ಬಡಾವಣೆಗಳಲ್ಲಿ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಳಾಸ ಸರಿಯಾಗಿದ್ದರೂ ಬರೆಯುವ ರೀತಿ ತಪ್ಪಬಹುದು. ರಿಜಿಸ್ಟ್ರಿ ಎಡಿಟರಿನಲ್ಲಿ ‘ಎಚ್‌ಕೀ ಲೋಕಲ್ ಮಷೀನ್’ ಎಂಬುದು ಮೊದಲು ಬರುತ್ತದೆ. ಅಲ್ಲಿಂದಲೇ ವಿಳಾಸ ನಕಲು ಮಾಡಿ ಡಿಸ್ಕವರಿಯಲ್ಲಿ ಅಂಟಿಸಿದರೆ ಏಜೆಂಟಿಗೆ ತಿಳಿಯುವುದಿಲ್ಲ. ಅದು ನೋಡುವುದೇ ಲೋಕಲ್ ಮಷೀನಿನೊಳಗೆ, ಆದ್ದರಿಂದ ‘ಸಾಫ್ಟ್‌ವೇರ್’ನಿಂದ ಶುರು ಮಾಡಬೇಕು. ಇನ್ನು ಕೆಲವು ಪ್ರೋಗ್ರಾಮ್‌ಗಳನ್ನು ಯಾರೋ ಒಬ್ಬ ಅಡ್ಮಿನ್ ತನ್ನ ಲಾಗಿನ್ನಿಗೆ ಮಾತ್ರ ಹಾಕಿಕೊಂಡಿರುತ್ತಾನೆ. ಅದರ ಗುರುತು ‘ಕರೆಂಟ್ ಯೂಸರ್’ ಎಂಬ ಭಾಗದಲ್ಲಿ, ಅವನ ಸ್ವಂತ ಕಡತದಲ್ಲಿ ಉಳಿಯುತ್ತದೆ. ಅವನು ಲಾಗಿನ್ ಆಗಿ ನೋಡಿದರೆ ಕಣ್ಣೆದುರು ಇದೆ, ಏಜೆಂಟಿಗೆ ಇಲ್ಲ. “ನಾನು ನೋಡ್ತಾ ಇದೀನಲ್ಲ ಸಾರ್!” ಎಂದು ಅವನು ಫೋನಿನಲ್ಲಿ ಕೂಗುತ್ತಾನೆ. ನಿಜ, ಅವನೊಬ್ಬನೇ ನೋಡುತ್ತಿರುವುದು.

ಅಂಕಿ ಹೋಲಿಸುವ ಕಡೆ ಮತ್ತೊಂದು ಗುಂಡಿ. ಎಸ್‌ಕ್ಯೂಎಲ್ ಸರ್ವರ್ 2005ರ ಒಳಗಿನ ಆವೃತ್ತಿ ಸಂಖ್ಯೆ 9, 2008ರದ್ದು 10. ‘9 ಅಥವಾ ಹೆಚ್ಚಿದ್ದರೆ ಸೇರಿಸಿಕೋ’ ಎಂದು ಷರತ್ತು ಬರೆಯುವವರು ಅದು ಅಂಕಿ ಎಂದು ಹೇಳದೆ ಅಕ್ಷರಮಾಲೆ ಎಂದು ಬಿಟ್ಟರೆ, ಏಜೆಂಟ್ ನಿಘಂಟಿನ ಕ್ರಮದಲ್ಲಿ ಹೋಲಿಸುತ್ತದೆ. ನಿಘಂಟಿನಲ್ಲಿ 1 ಮೊದಲು, 9 ಆಮೇಲೆ. ಹಾಗಾಗಿ 10 ಎಂಬುದು 9ಕ್ಕಿಂತ ಕಡಿಮೆ. ಹಳೆಯ ಡೇಟಾಬೇಸ್ ಕಾಣುತ್ತದೆ, ಹೊಸದು ಮಾಯ. ಈ ತಪ್ಪಿನ ಚಂದವೆಂದರೆ ಬರೆದ ದಿನ ಅದು ಸರಿಯಾಗಿಯೇ ಇರುತ್ತದೆ. 9 ಇರುವವರೆಗೂ ಏನೂ ಆಗುವುದಿಲ್ಲ. 10 ಬರುವ ಹೊತ್ತಿಗೆ ಬರೆದವನು ಕೆಲಸ ಬಿಟ್ಟು ಬೇರೆ ಕಂಪನಿಯಲ್ಲಿ ಮ್ಯಾನೇಜರ್ ಆಗಿರುತ್ತಾನೆ.

ಇವೆಲ್ಲ ಸರಿಯಿದ್ದೂ ಕಾಣದಿದ್ದರೆ ಮಾಡಬೇಕಾದದ್ದು ಒಂದೇ, ಕಾಯುವುದು. ಇದನ್ನು ಯಾರಿಗೂ ಹೇಳಲಾಗುವುದಿಲ್ಲ. ಡಿಸ್ಕವರಿ ಎಷ್ಟು ಹೊತ್ತಿಗೊಮ್ಮೆ ನಡೆಯಬೇಕೆಂದು ಸೆಕೆಂಡಿನಲ್ಲಿ ಬರೆದಿರುತ್ತಾರೆ. ಬಹಳ ಕಡೆ ಸಿಗುವ ಸಂಖ್ಯೆ 86400, ಅಂದರೆ ಒಂದು ದಿನ. ಗಿರಾಕಿ ಮಧ್ಯಾಹ್ನ ತಂತ್ರಾಂಶ ಹಾಕಿ, ಚಹಾ ಕುಡಿದು ಬಂದು, ಕನ್ಸೋಲ್ ನೋಡಿ, ಕಾಣುತ್ತಿಲ್ಲವೆಂದು ಟಿಕೆಟ್ ಎತ್ತುತ್ತಾನೆ. ‘ನಾಳೆ ಬರುತ್ತದೆ’ ಎಂದು ಉತ್ತರಿಸಿದರೆ ತಾಲ್ಲೂಕು ಕಚೇರಿಯಲ್ಲಿ ನಿಂತಂತೆ ಮುಖ ಮಾಡುತ್ತಾನೆ. ಆದ್ದರಿಂದ ನಾವು ಏಜೆಂಟ್ ಸರ್ವೀಸನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸುತ್ತೇವೆ. ಎದ್ದ ಮೇಲೆ ಅದು ಹುಡುಕಾಟವನ್ನೂ ಹೊಸದಾಗಿ ಶುರು ಮಾಡುತ್ತದೆ. ಗಿರಾಕಿಗೆ ನಾವು ಏನೋ ದೊಡ್ಡದು ಮಾಡಿದೆವೆಂಬ ಸಮಾಧಾನ. ನಮಗೂ.

ಏಜೆಂಟ್ ತನ್ನ ದಿನಚರಿಯನ್ನು ‘ಆಪರೇಷನ್ಸ್ ಮ್ಯಾನೇಜರ್’ ಎಂಬ ಈವೆಂಟ್ ಲಾಗ್‌ನಲ್ಲಿ ಬರೆಯುತ್ತದೆ. ಹೊಸ ಆದೇಶ ಬಂತು ಅಂದರೆ 21025. ಹೊಸ ಮ್ಯಾನೇಜ್‌ಮೆಂಟ್ ಪ್ಯಾಕ್ ಇಳಿಯಿತು ಅಂದರೆ 1201. ಎಲ್ಲ ಜಾರಿಗೆ ಬಂತು ಅಂದರೆ 1210. ನಮ್ಮ ಮೂಲೆಯಲ್ಲಿ ರಾತ್ರಿ ಪಾಳಿಯ ಮಾತು ಹೀಗೆ ಸಾಗುತ್ತದೆ: “1201 ಬಂತಾ?” “ಬಂತ್ರಿ.” “1210?” “ಇಲ್ರಿ ಇನ್ನಾ.” “ಕಾಯಿ.” ಹೊರಗಿನವರು ಕೇಳಿಸಿಕೊಂಡರೆ ಹಾಸನ ಪ್ಯಾಸೆಂಜರಿಗೆ ಕಾಯುತ್ತಿದ್ದೇವೆ ಅಂದುಕೊಂಡಾರು.

ಯಾವುದಕ್ಕೂ ಜಗ್ಗದಿದ್ದಾಗ ಎಲ್ಲರೂ ಕೈಹಾಕುವುದು ‘ಹೆಲ್ತ್ ಸರ್ವೀಸ್ ಸ್ಟೇಟ್’ ಎಂಬ ಕ್ಯಾಶ್ ಫೋಲ್ಡರಿಗೆ. ಸರ್ವೀಸ್ ನಿಲ್ಲಿಸು, ಫೋಲ್ಡರಿನ ಹೆಸರು ಬದಲಾಯಿಸು, ಸರ್ವೀಸ್ ಎಬ್ಬಿಸು. ಏಜೆಂಟ್ ಹಿಂದಿನದೆಲ್ಲ ಮರೆತು, ಆದೇಶಗಳನ್ನು ಮೊದಲಿನಿಂದ ಇಳಿಸಿಕೊಂಡು, ಹೊಸಬನಂತೆ ಕೆಲಸ ಶುರು ಮಾಡುತ್ತದೆ. ಬಹಳ ಸಲ ಇದರಿಂದ ಸರಿಹೋಗುತ್ತದೆ, ಆದ್ದರಿಂದಲೇ ನನಗೆ ಇದರ ಮೇಲೆ ಸಿಟ್ಟು. ಯಾಕೆ ಕೆಟ್ಟಿತ್ತು ಎಂಬುದಕ್ಕೆ ಇದ್ದ ಸಾಕ್ಷಿಯೂ ಆ ಫೋಲ್ಡರಿನ ಜೊತೆಗೇ ಹೋಗುತ್ತದೆ. ಈ ವಿದ್ಯೆ ಒಂದನ್ನೇ ಕಲಿತು ಹತ್ತು ವರ್ಷ ಅನುಭವ ಎಂದು ಬಯೋಡೇಟಾದಲ್ಲಿ ಬರೆದುಕೊಂಡವರು ಸಂದರ್ಶನಕ್ಕೆ ಬರುತ್ತಾರೆ. “ಕೀ ಇದೆ, ಕಾಣ್ತಿಲ್ಲ, ಏನು ಮಾಡ್ತೀರಿ?” ಎಂದು ಕೇಳಿದರೆ ಪ್ರಶ್ನೆ ಮುಗಿಯುವ ಮೊದಲೇ “ಕ್ಯಾಶ್ ಕ್ಲಿಯರ್ ಮಾಡ್ತೀನಿ” ಅನ್ನುತ್ತಾರೆ. ಅದು ಯಾವ ಕೋಣೆಯ ಕೀ ಎಂದು ಕೇಳಿದವರನ್ನು ನಾನು ಕೂಡಲೇ ಆರಿಸಿಬಿಡುತ್ತೇನೆ. ಹುಬ್ಬಳ್ಳಿಯವಳು ಆಯ್ಕೆಯಾದದ್ದು ಹಾಗೆ. “ಕೀ ಐತಿ ಅಂತ ಯಾರ ಅಂದ್ರು ಸರ್?” ಎಂದು ನನಗೇ ತಿರುಗಿಸಿ ಕೇಳಿದ್ದಳು.

ಎರಡನೇ ಬಗೆಯ ತಕರಾರು, ಇಲ್ಲದ್ದು ಕಾಣುವುದು, ಇದಕ್ಕಿಂತ ರುಚಿಕರ. ತಂತ್ರಾಂಶವನ್ನು ತೆಗೆದುಹಾಕಿದಾಗ ಅದು ತಾನು ಬರೆದದ್ದನ್ನೆಲ್ಲ ಅಳಿಸಿ ಹೋಗಬೇಕು. ಬಹಳಷ್ಟು ಹೋಗುವುದಿಲ್ಲ. ಕಡತ ಹೋಗುತ್ತದೆ, ಸರ್ವೀಸ್ ಹೋಗುತ್ತದೆ, ರಿಜಿಸ್ಟ್ರಿಯಲ್ಲಿ ಹೆಸರು ಉಳಿಯುತ್ತದೆ. ಏಜೆಂಟ್ ಹೆಸರು ಓದಿ, ಇದೆ ಎಂದು ವರದಿ ಮಾಡುತ್ತದೆ. ಆಮೇಲೆ ಕರ್ತವ್ಯನಿಷ್ಠೆಯಿಂದ ಅದರ ಸರ್ವೀಸ್ ಓಡುತ್ತಿದೆಯೇ ನೋಡುತ್ತದೆ. ಓಡುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಕೆಂಪು ದೀಪ. ಪಾಳಿಯವರು ಗಿರಾಕಿಯನ್ನು ಎಬ್ಬಿಸಿ ನಿಮ್ಮ ಬ್ಯಾಕಪ್ ಸತ್ತಿದೆ ಅನ್ನುತ್ತಾರೆ. ಗಿರಾಕಿ, ಅದನ್ನು ನಾವು ಹೋದ ಯುಗಾದಿಗೇ ಕಿತ್ತುಹಾಕಿದ್ದೇವೆ ಅನ್ನುತ್ತಾನೆ. ನಿದ್ದೆಗಣ್ಣಿನಲ್ಲಿ ಅವನು ಉಳಿದದ್ದೂ ಅನ್ನುತ್ತಾನೆ, ಅದನ್ನು ಟಿಕೆಟ್ಟಿನಲ್ಲಿ ‘ಗಿರಾಕಿ ಅತೃಪ್ತಿ ವ್ಯಕ್ತಪಡಿಸಿದರು’ ಎಂದು ಬರೆಯುತ್ತೇವೆ.

ಇಂಥ ಭೂತ ಒಂಟಿಯಾಗಿ ಬಂದರೆ ಪರವಾಗಿಲ್ಲ, ದಂಡಾಗಿ ಬಂದ ಸಂದರ್ಭವನ್ನೂ ಕಂಡಿದ್ದೇವೆ. ಒಬ್ಬ ಗಿರಾಕಿಯ ಕಡೆ ಒಂದು ಬೆಳಿಗ್ಗೆ ಹೊಸ ಸರ್ವರ್‌ಗಳೆಲ್ಲ ತಮ್ಮಲ್ಲಿ ಡೇಟಾಬೇಸ್ ಇದೆ ಎಂದು ಘೋಷಿಸಿದವು. ಲೈಸೆನ್ಸ್ ನೋಡಿಕೊಳ್ಳುವವರು ಲೆಕ್ಕ ಹಾಕಿ ಬೆವರಿದರು, ಏಕೆಂದರೆ ಅಷ್ಟು ಡೇಟಾಬೇಸ್‌ಗಳಿಗೆ ಹಣ ಕಟ್ಟಬೇಕಾದರೆ ಕಟ್ಟಡವನ್ನೇ ಮಾರಬೇಕಿತ್ತು. ಕೊನೆಗೆ ಗೊತ್ತಾದದ್ದು ಇಷ್ಟು: ಹೊಸ ಸರ್ವರ್‌ಗಳನ್ನು ಒಂದೊಂದಾಗಿ ಕಟ್ಟುವುದಿಲ್ಲ, ಒಂದು ಮಾದರಿ ಮಾಡಿಟ್ಟುಕೊಂಡು ಅದರ ನಕಲು ತೆಗೆಯುತ್ತಾರೆ. ಆ ಮಾದರಿಯಲ್ಲಿ ಯಾರೋ ಪುಣ್ಯಾತ್ಮರು ಪರೀಕ್ಷೆಗೆಂದು ಡೇಟಾಬೇಸ್ ಹಾಕಿ, ತೆಗೆದು, ಕೈ ತೊಳೆದುಕೊಂಡಿದ್ದರು. ಹೆಸರು ಉಳಿದಿತ್ತು. ಆ ಮಾದರಿಯಿಂದ ಹುಟ್ಟಿದ ಎಲ್ಲ ಸರ್ವರ್‌ಗಳೂ ತಾವು ಕಂಡೇ ಇರದ ಡೇಟಾಬೇಸನ್ನು ಆಸ್ತಿಯಾಗಿ ಪಡೆದಿದ್ದವು. ಪಾಳಿಯಲ್ಲಿದ್ದ ಹುಡುಗ ನಿಟ್ಟುಸಿರು ಬಿಟ್ಟು, “ಇದಕ್ಕೆ ವಂಶವೃಕ್ಷ ಮಾಡಿಸ್ಬೇಕು ಸರ್” ಅಂದ. ಅವನೂ ರೈತರ ಮನೆಯವನೇ.

ಇಲ್ಲದ್ದನ್ನು ಕನ್ಸೋಲಿನಿಂದ ತೆಗೆಯುವ ಕ್ರಮ ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಆ ಸರ್ವರ್‌ಗೆ ಮಾತ್ರ ಡಿಸ್ಕವರಿಯನ್ನು ಓವರ್‌ರೈಡ್ ಎಂಬ ವಿನಾಯಿತಿ ಹಾಕಿ ನಿಲ್ಲಿಸಬಹುದು. ನಿಲ್ಲಿಸಿದರೆ ಭೂತ ಹೋಗಬೇಕಲ್ಲ? ಹೋಗುವುದಿಲ್ಲ. ಇನ್ನು ಮೇಲೆ ನೋಡಬೇಡ ಎಂದಿರಿ, ಅದು ನೋಡುವುದನ್ನು ಬಿಟ್ಟಿತು. ಕೊನೆಯ ಸಲ ನೋಡಿದಾಗ ಇತ್ತು, ಆದ್ದರಿಂದ ಇದೆ. ಈ ತರ್ಕದಲ್ಲಿ ದೋಷ ಹುಡುಕಲು ನಾನು ಪ್ರಯತ್ನಪಟ್ಟಿದ್ದೇನೆ, ಸಿಕ್ಕಿಲ್ಲ. ಊರು ಬಿಟ್ಟು ಬಂದ ನಾವೆಲ್ಲ ಊರಿನ ಬಗ್ಗೆ ಮಾತಾಡುವುದೂ ಇದೇ ತರ್ಕದಲ್ಲಿ. ನಿಲ್ಲಿಸಿದ ಮೇಲೆ ‘ರಿಮೂವ್ ಸ್ಕಾಮ್ ಡಿಸೇಬಲ್ಡ್ ಕ್ಲಾಸ್ ಇನ್‌ಸ್ಟೆನ್ಸ್’ ಎಂಬ ಉದ್ದದ ಪವರ್‌ಶೆಲ್ ಆಜ್ಞೆಯನ್ನು ಕೊಡಬೇಕು. ಅದು ನಿಲ್ಲಿಸಿದ ಡಿಸ್ಕವರಿಗಳು ಹಿಂದೆ ಕಂಡು ಬಿಟ್ಟುಹೋದದ್ದನ್ನೆಲ್ಲ ಗುಡಿಸುತ್ತದೆ. ನಿಮ್ಮ ಒಂದು ಭೂತವನ್ನಷ್ಟೇ ಅಲ್ಲ, ನಾವು ಕಣ್ಣಿಟ್ಟ ಸರ್ವರ್‌ಗಳ ಇಡೀ ಗುಂಪಿನಲ್ಲಿ ಯಾರು ಯಾರೋ ಎಂದೋ ನಿಲ್ಲಿಸಿದ್ದಕ್ಕೆ ಸೇರಿದ್ದನ್ನೆಲ್ಲ. ಹಾಗಾಗಿ ಎಂಟರ್ ಒತ್ತುವ ಮೊದಲು ಒಂದು ಸಲ ಉಸಿರು ಎಳೆದುಕೊಳ್ಳುವುದು ರೂಢಿ.

ಸಾಮಾನ್ಯ ತಂತ್ರಾಂಶಗಳ ಮಾತು ಇದಾಯಿತು. ಕಂಪನಿಯೊಳಗೇ ಬರೆದುಕೊಂಡ ಪ್ರೋಗ್ರಾಮ್‌ಗಳಿಗೆ ಮ್ಯಾನೇಜ್‌ಮೆಂಟ್ ಪ್ಯಾಕ್ ಮಾಡುವಾಗ ಸುಲಭದ ಉಪಾಯ ಒಂದಿದೆ. ಸರ್ವರ್ ನೋಡಿಕೊಳ್ಳುವವರೇ ರಿಜಿಸ್ಟ್ರಿಯಲ್ಲಿ ಒಂದು ಗುರುತು ಬರೆಯಲಿ, ನಾವು ಅದನ್ನು ಓದಿಕೊಳ್ಳುತ್ತೇವೆ. ಸ್ವಯಂಘೋಷಣೆ. ಒಂದು ಕಡೆ ಗುರುತಿನ ಹೆಸರು ‘ಪೇಮೆಂಟ್’ ಎಂದು ಇರಬೇಕೆಂದು ಬರೆದು ಕಳಿಸಿದ್ದೆವು. ಹಾಕಿದವರು ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ನುಂಗಿದರು. ನುಂಗಿದ್ದು ಕೈಯಲ್ಲಿ ಅಲ್ಲ, ಸ್ಕ್ರಿಪ್ಟಿನಲ್ಲಿ. ಎಲ್ಲ ಸರ್ವರ್‌ಗಳಲ್ಲೂ ಒಂದೇ ತಪ್ಪು, ಅಚ್ಚು ಹೊಡೆದಂತೆ. ತಿದ್ದಲು ಅಷ್ಟು ಕಡೆಯೂ ಅನುಮತಿ ಪಡೆಯಬೇಕು. ಬದಲಿಗೆ ನಮ್ಮ ಡಿಸ್ಕವರಿಯಲ್ಲೇ ಆ ತಪ್ಪು ಕಾಗುಣಿತ ಬರೆದೆವು, ಎಲ್ಲ ಹಸಿರಾಯಿತು. ಈಗ ಹೊಸಬರಿಗೆ ಅದನ್ನೇ ಸರಿಯೆಂದು ಕಲಿಸುತ್ತೇವೆ. ಸಣ್ಣವರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ವೆಬ್‌ನ ಎಚ್‌ಟಿಟಿಪಿ ನಿಯಮಾವಳಿಯಲ್ಲಿ, ನೀವು ಯಾವ ಪುಟದಿಂದ ಬಂದಿರಿ ಎಂದು ಹೇಳುವ ‘ರೆಫರರ್’ ಎಂಬ ಸಾಲು 1996ರಲ್ಲಿ ಒಂದು ‘ಆರ್’ ಕಡಿಮೆಯಾಗಿ ಅಚ್ಚಾಯಿತು. ಅಂದಿನಿಂದ ಲೋಕದ ಬ್ರೌಸರ್‌ಗಳೆಲ್ಲ ಆ ತಪ್ಪನ್ನು ಶ್ರದ್ಧೆಯಿಂದ ಪಾಲಿಸುತ್ತಿವೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ನಮ್ಮ ಊರಿನಲ್ಲೂ ಕೆಲವರ ಹೆಸರಿನ ಒತ್ತಕ್ಷರ ಬಿದ್ದುಹೋಯಿತು. ತಿದ್ದಿಸಲು ಅರ್ಜಿ ಹಾಕಿ ಅಲೆದವರಿದ್ದಾರೆ. ಮಗನಿಗೆ ಶಾಲೆಯಲ್ಲಿ ಆ ಒತ್ತಿಲ್ಲದ ಹೆಸರನ್ನೇ ತಂದೆಯ ಹೆಸರೆಂದು ಬರೆಸಿ ಮುಗಿಸಿದ ಜಾಣರೂ ಇದ್ದಾರೆ.

ಹಾಗಿದ್ದರೆ ರಿಜಿಸ್ಟ್ರಿಯನ್ನು ನಂಬುವುದೇಕೆ, ನೇರವಾಗಿ ಹೋಗಿ ನೋಡಬಾರದೇ? ನೋಡಬಹುದು. ಸ್ಕ್ರಿಪ್ಟ್ ಬರೆದು ಪ್ರತಿ ಸರ್ವರ್‌ನಲ್ಲೂ ಓಡಿಸಿ, ಡೇಟಾಬೇಸನ್ನು ಮಾತಾಡಿಸಿ, ಉತ್ತರ ತರಿಸಬಹುದು. ಸಾವಿರ ಸರ್ವರ್‌ಗಳಲ್ಲಿ ಅದನ್ನು ಮಾಡಿದರೆ ಸರ್ವರ್‌ಗಳು ತಮ್ಮ ಕೆಲಸ ಬಿಟ್ಟು ನಮಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ. ಸ್ಕ್ರಿಪ್ಟ್ ಅರ್ಧದಲ್ಲಿ ನಿಂತರೆ ಅದೊಂದು ಬೇರೆ ಕಥೆ. ರಿಜಿಸ್ಟ್ರಿಯಲ್ಲಿ ಒಂದು ಸಾಲು ಓದುವುದಕ್ಕೆ ಯಾವ ಖರ್ಚೂ ಇಲ್ಲ ಅಂದರೂ ನಡೆದೀತು. ಅದಕ್ಕೇ ಬಲ್ಲವರು ಮೊದಲು ರಿಜಿಸ್ಟ್ರಿ ನೋಡಿ, ಹೆಸರಿದ್ದ ಕಡೆ ಮಾತ್ರ ಸ್ಕ್ರಿಪ್ಟ್ ಕಳಿಸುತ್ತಾರೆ. ನನಗೆ ಈ ಸೋಮಾರಿತನ ಇಷ್ಟ. ದಿನಕ್ಕೊಂದು ಸಲ ಕಣ್ಣು ಹಾಯಿಸಿ, ಇದ್ದದ್ದನ್ನು ಇದೆ ಎಂದು ಹೇಳಿ ಸುಮ್ಮನಾಗುವ ಏಜೆಂಟನ್ನು ನಾನು ಬಹಳ ನಂಬುತ್ತೇನೆ. ನನ್ನ ರಾತ್ರಿಗಳನ್ನು ಹಾಳು ಮಾಡಿದ್ದು ಅತಿ ಉತ್ಸಾಹದ ಡಿಸ್ಕವರಿಗಳು: ಕ್ಷಣಕ್ಷಣಕ್ಕೂ ಬದಲಾಗುವ ಡಿಸ್ಕಿನ ಖಾಲಿ ಜಾಗವನ್ನು ವಸ್ತುವಿನ ಗುಣವೆಂದು ಬರೆದುಕೊಂಡು, ಬದಲಾದಾಗಲೆಲ್ಲ ಮೇಲಿನವರಿಗೆ ತಿಳಿಸಿ, ಇಡೀ ಗುಂಪಿನ ಲೆಕ್ಕಾಚಾರವನ್ನು ಮತ್ತೆ ಮತ್ತೆ ಮಾಡಿಸುವಂಥವು.

ಈಚೆಗೆ ಕಾನ್ಸಲ್‌ನಂಥ ಹೊಸ ಕಾಲದ ರಿಜಿಸ್ಟ್ರಿಗಳು ಬಂದಿವೆ. ಅಲ್ಲಿ ಪ್ರತಿಯೊಂದು ಸೇವೆಯೂ ತಾನೇ ಬಂದು ಹೆಸರು ಬರೆಸುತ್ತದೆ, ಬದುಕಿದ್ದೇನೆ ಎಂದು ಆಗಾಗ ಹೇಳುತ್ತಿರಬೇಕು, ಹೇಳದಿದ್ದರೆ ಕೆಟ್ಟಿದೆ ಎಂದು ಗುರುತು ಬೀಳುತ್ತದೆ. ಬೇಕೆಂದರೆ ಇಂತಿಷ್ಟು ಹೊತ್ತಿನ ಮೇಲೆ ಹೆಸರು ತಾನಾಗಿ ಅಳಿಯುವ ಏರ್ಪಾಡೂ ಇದೆ. ನಮ್ಮ ಹುಬ್ಬಳ್ಳಿಯವಳು ಅದನ್ನು ಕಲಿಯುತ್ತಿದ್ದಾಳೆ. “ಸತ್ತವ್ರ ಹೆಸ್ರು ತಾನ ಹೋಗ್ತದ್ರಿ ಸರ್, ಯಾವ ಪೌತಿ ಗೀತಿ ಬ್ಯಾಡ” ಎಂದು ನನ್ನ ಉದಾಹರಣೆಯನ್ನು ನನಗೇ ತಿರುಗಿಸಿದಳು. ಆದರೆ ಮರುವಾರ ಬಂದು ನಿಂತಾಗ ಮುಖ ಹಳೆಯದೇ. ನೆಟ್‌ವರ್ಕ್ ಒಂದಿಷ್ಟು ಹೊತ್ತು ತಡವರಿಸಿ, ಚೆನ್ನಾಗಿಯೇ ಓಡುತ್ತಿದ್ದ ಸೇವೆಯ ಹೆಸರು ಅಳಿಸಿಹೋಗಿತ್ತು. ಬದುಕಿರುವುದನ್ನು ಸಾಬೀತು ಮಾಡಲು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವ ಪಿಂಚಣಿದಾರರಿಗೆ ಈ ಕಷ್ಟ ಗೊತ್ತು.

ಹಳೆಯದೇನೂ ಬೇಗ ಹೋಗುವಂತೆ ಕಾಣುವುದಿಲ್ಲ. ಆಪರೇಷನ್ಸ್ ಮ್ಯಾನೇಜರ್ 2025ರ ಆವೃತ್ತಿಯೂ ಬಂದಾಗಿದೆ. ಮೇಲೆ ಹೇಳಿದ ಯುಗಾದಿಯ ಬ್ಯಾಕಪ್ ಭೂತಕ್ಕೆ ಡಿಸ್ಕವರಿ ನಿಲ್ಲಿಸುವ ಸುತ್ತುದಾರಿ ಯಾಕೆ, ಮೂಲದಲ್ಲೇ ಆ ಕೀ ಅಳಿಸಿಬಿಡಿ ಎಂದು ಗಿರಾಕಿಯ ಅಡ್ಮಿನ್‌ಗೆ ಹೇಳಿದೆವು.

“ಅಳಿಸಿದ್ರೆ ಬೇರೆ ಏನಾದ್ರೂ ಹೋಗುತ್ತಾ ಸಾರ್?”

“ಹೋಗಲ್ಲ ಸಾರ್. ಆ ತಂತ್ರಾಂಶವೇ ಇಲ್ವಲ್ಲ.”

“ಅದನ್ನ ನೀವು ಮೇಲ್‌ನಲ್ಲಿ ಬರೆದು ಕಳಿಸಿ.”

ನಾವು ಬರೆದೆವು, ಆದರೆ ಎಚ್ಚರದಿಂದ: ‘ನಮಗೆ ತಿಳಿದ ಮಟ್ಟಿಗೆ ತೊಂದರೆಯಾಗದು, ನಿಮ್ಮ ಕಡೆ ಖಚಿತಪಡಿಸಿಕೊಂಡು ಮುಂದುವರಿಯಿರಿ.’ ಅವರು ಅದನ್ನು ತಮ್ಮ ಮ್ಯಾನೇಜರಿಗೆ ಕಳಿಸಿದರು. ಮ್ಯಾನೇಜರು, ತಂತ್ರಾಂಶ ಮಾರಿದ ಕಂಪನಿಯ ಒಪ್ಪಿಗೆ ಬರಲಿ ಅಂದರು. ಆ ಕಂಪನಿಯೊಂದಿಗಿನ ಒಪ್ಪಂದ ತಂತ್ರಾಂಶ ಕಿತ್ತ ದಿನವೇ ಮುಗಿದಿತ್ತು. ಗಿರಾಕಿಯಲ್ಲದವರಿಗೆ ಅವರು ಉತ್ತರ ಕೊಡುವುದಿಲ್ಲ. ವಿಷಯ ಚೇಂಜ್ ಕಮಿಟಿಯ ಮುಂದೆ ಹೋಗಿದೆ. ಕಮಿಟಿ ಗುರುವಾರ ಸೇರುತ್ತದೆ, ತಿಂಗಳ ಕೊನೆಯ ಗುರುವಾರ ಯಾವ ಬದಲಾವಣೆಯೂ ಇಲ್ಲ, ಮಾರ್ಚ್‌ನಲ್ಲಂತೂ ಇಲ್ಲವೇ ಇಲ್ಲ. ಅಲ್ಲಿಯವರೆಗೆ ಕೆಂಪು ದೀಪ ಹತ್ತದಿರಲೆಂದು ಇಲ್ಲದ ಆ ಬ್ಯಾಕಪ್ಪನ್ನು ಮೇಂಟೆನೆನ್ಸ್ ಮೋಡ್‌ನಲ್ಲಿ, ಅಂದರೆ ರಿಪೇರಿಯಲ್ಲಿದೆ ಎಂಬ ಲೆಕ್ಕದಲ್ಲಿ, ಇಟ್ಟಿದ್ದೇವೆ. ಅದರ ಅವಧಿ ಮುಗಿಯುವ ದಿನ ಮತ್ತೆ ಮುಂದಕ್ಕೆ ಹಾಕಬೇಕು. ಮರೆಯದಿರಲೆಂದು ಹುಬ್ಬಳ್ಳಿಯವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ, ‘ರಿಪೇರಿ ಮುಂದುವರಿಕೆ’ ಎಂದು.